ಯುನಿಡೇಟಾ: ಹವಾಮಾನ ದತ್ತಾಂಶದ ಹಂಚಿಕೆ ಮತ್ತು ಅದರ ಉಸ್ತುವಾರಿ

ಯುನಿಡೇಟಾ ಅಮೆರಿಕದ ಕೊಲೊರಾಡೊ ರಾಜ್ಯದ ಬೌಲ್ಡರ್ ನಗರದಲ್ಲಿ ನೆಲೆಗೊಂಡಿರುವ, ಹವಾಮಾನದ ದತ್ತಾಂಶ ಮತ್ತು ತಂತ್ರಾಂಶಗಳನ್ನು ವಿಶ್ವವಿದ್ಯಾಲಯಗಳಿಗೆ ಹಂಚುವ ಕಾರ್ಯಕ್ರಮ. ಉಪಗ್ರಹದ ಚಿತ್ರ, ರೇಡಾರಿನ ಅಳತೆ, ಬಲೂನು ಹೊತ್ತೊಯ್ದ ಉಪಕರಣದ ವರದಿ, ಗಣಕ ಮಾದರಿಗಳ ಮುನ್ಸೂಚನೆ ಇವೆಲ್ಲ ಸಿದ್ಧವಾದ ಸ್ವಲ್ಪ ಹೊತ್ತಿನಲ್ಲೇ ತರಗತಿಗೂ ಪ್ರಯೋಗಾಲಯಕ್ಕೂ ಮುಟ್ಟುವಂತೆ ನೋಡಿಕೊಳ್ಳುವುದು, ಅವನ್ನು ಓದಿ ನಕ್ಷೆಯಾಗಿಸುವ ತಂತ್ರಾಂಶವನ್ನು ಬೆಲೆಯಿಲ್ಲದೆ ಕೊಡುವುದು, ಬಳಸುವವರು ತೊಡಕಿಗೆ ಸಿಕ್ಕಾಗ ಬಿಡಿಸಿಕೊಡುವುದು ಅದರ ಕೆಲಸ. ಹಣ ಬರುವುದು ಮುಖ್ಯವಾಗಿ ಆ ದೇಶದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ. ಆಡಳಿತ ನೋಡಿಕೊಳ್ಳುವುದು ಯುಕಾರ್ ಎಂದು ಕರೆಯಲಾಗುವ, ವಾಯುಮಂಡಲ ವಿಜ್ಞಾನದಲ್ಲಿ ತೊಡಗಿರುವ ವಿಶ್ವವಿದ್ಯಾಲಯಗಳ ಒಕ್ಕೂಟ. ಯಾವ ದಾರಿಯಲ್ಲಿ ನಡೆಯಬೇಕೆಂದು ಹೇಳುವುದು ಮಾತ್ರ ಆ ದತ್ತಾಂಶವನ್ನು ದಿನನಿತ್ಯ ಬಳಸುವ ಅಧ್ಯಾಪಕರೇ ಕೂತಿರುವ ಸಮಿತಿಗಳು. ನಾಲ್ಕು ದಶಕಗಳ ಇದರ ಚರಿತ್ರೆಯನ್ನು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಇಂಥ ಕಾರ್ಯಕ್ರಮದ ಉಸ್ತುವಾರಿಯಲ್ಲಿ ಖರ್ಚುವೆಚ್ಚದ ತಪಾಸಣೆ ಸಣ್ಣ ಭಾಗ. ಯಾವುದನ್ನು ಉಳಿಸಬೇಕು, ಯಾವುದನ್ನು ಕೈಬಿಡಬೇಕು, ಕೈಬಿಡುವ ಮುನ್ನ ಎಷ್ಟು ಕಾಲಾವಕಾಶ ಕೊಡಬೇಕು ಎಂಬ ತೀರ್ಮಾನಗಳೇ ಅದರ ತಿರುಳು. ಆ ತೀರ್ಮಾನಗಳು ಬಳಕೆದಾರರ ಕೈಯಲ್ಲಿದ್ದುದರಿಂದಲೇ ಯುನಿಡೇಟಾ ಬಾಳಿತು. ಹಣದ ಬೀಗದಕೈ ಅವರ ಹತ್ತಿರ ಇಲ್ಲದಿರುವುದೇ ಅದರ ದೊಡ್ಡ ದೌರ್ಬಲ್ಯ.

ಈ ಕಾರ್ಯಕ್ರಮ ಯಾಕೆ ಬೇಕಾಯಿತೆಂದು ತಿಳಿಯಲು 1980ರ ಸುಮಾರಿನ ಸ್ಥಿತಿಯನ್ನು ನೆನೆಯಬೇಕು. ಅಮೆರಿಕದ ಸರ್ಕಾರಿ ಸಂಸ್ಥೆಗಳು ತಯಾರಿಸಿದ ಬರಹ ಮತ್ತು ದತ್ತಾಂಶಕ್ಕೆ ಆ ದೇಶದ ಕಾನೂನಿನಲ್ಲಿ ಹಕ್ಕುಸ್ವಾಮ್ಯವಿಲ್ಲ. ರಾಷ್ಟ್ರೀಯ ಹವಾಮಾನ ಸೇವೆ ಅಳೆದದ್ದೆಲ್ಲ ತತ್ತ್ವದ ಮಟ್ಟಿಗೆ ಸಾರ್ವಜನಿಕ ಸ್ವತ್ತು. ಆದರೆ ಕೈಗೆಟಕುವ ಮಾತು ಬೇರೆ. ಹವಾಮಾನಶಾಸ್ತ್ರದ ವಿಭಾಗಗಳಿಗೆ ಬರುತ್ತಿದ್ದುದು ಟೆಲಿಟೈಪ್ ಯಂತ್ರದ ಅಕ್ಷರಸಾಲು ಮತ್ತು ಫ್ಯಾಕ್ಸ್ ಮಾದರಿಯ ಯಂತ್ರದಿಂದ ಸುರುಳಿಯಾಗಿ ಹೊರಬೀಳುವ ಕಾಗದದ ನಕ್ಷೆ. ಅದಕ್ಕೂ ದೂರವಾಣಿ ತಂತಿಯ ಬಾಡಿಗೆ ಕಟ್ಟಬೇಕು. ಅಂಕಿಗಳ ರೂಪದಲ್ಲಿ ದತ್ತಾಂಶ ಬೇಕಾದರೆ ದೊಡ್ಡ ಗಣಕ ಬೇಕು, ಅದನ್ನು ಬಿಡಿಸುವ ತಂತ್ರಾಂಶವನ್ನು ತಾವೇ ಬರೆದುಕೊಳ್ಳಬೇಕು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಂಥ ಒಂದೆರಡು ಕಡೆ ಮಾತ್ರ ಅದು ಸಾಧ್ಯವಿತ್ತು. 1966ರಲ್ಲಿ ಹಾರಿದ ಎಟಿಎಸ್-1 ಉಪಗ್ರಹಕ್ಕೆ ಕ್ಯಾಮೆರಾ ರೂಪಿಸಿ, ಮೋಡಗಳ ಚಲನೆಯನ್ನು ಬಾನಿನಿಂದ ಎಡೆಬಿಡದೆ ನೋಡುವುದನ್ನು ಸಾಧ್ಯವಾಗಿಸಿದ ವರ್ನರ್ ಸುವೋಮಿ ಅಲ್ಲಿದ್ದರು. ಅವರ ತಂಡ 1970ರ ದಶಕದಲ್ಲಿ ಕಟ್ಟಿದ ಮ್ಯಾಕ್‌ಐಡಾಸ್ ವ್ಯವಸ್ಥೆ ಉಪಗ್ರಹ ಚಿತ್ರವನ್ನು ಪರದೆಯ ಮೇಲೆ ತಂದು ಅದರೊಡನೆ ಮಾತುಕತೆ ನಡೆಸಲು ಬಿಟ್ಟಿತು. ಸಣ್ಣ ಕಾಲೇಜಿನ ವಿದ್ಯಾರ್ಥಿಗೆ ಇದೆಲ್ಲ ಪುಸ್ತಕದಲ್ಲಿ ಅಚ್ಚಾದ ಚಿತ್ರವಾಗಿಯೇ ಉಳಿದಿತ್ತು. 1983ರಲ್ಲಿ ವಿಸ್ಕಾನ್ಸಿನ್ನಿನ ಮ್ಯಾಡಿಸನ್ನಿನಲ್ಲಿ ನಡೆದ ಕಾರ್ಯಾಗಾರದಲ್ಲಿ ವಿಶ್ವವಿದ್ಯಾಲಯಗಳವರು ಸೇರಿ, ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಇದನ್ನು ಕಟ್ಟಿಕೊಳ್ಳುವುದು ಆಗದ ಮಾತೆಂದು ಒಪ್ಪಿಕೊಂಡರು. ಮರುವರ್ಷ ಯುಕಾರ್‌ನ ಆಶ್ರಯದಲ್ಲಿ ಯುನಿಡೇಟಾ ಹುಟ್ಟಿತು. ಡೇವಿಡ್ ಫುಲ್ಕರ್ ಅದರ ಸ್ಥಾಪಕ ನಿರ್ದೇಶಕರು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಮೋಹನ್ ರಾಮಮೂರ್ತಿ 2003ರಿಂದ ಬಹುಕಾಲ ಆ ಹೊಣೆ ಹೊತ್ತರು.

ಹುಟ್ಟಿನ ಈ ರೀತಿಯೇ ಉಸ್ತುವಾರಿಯ ಸ್ವರೂಪವನ್ನು ನಿಶ್ಚಯಿಸಿತು. ಮೇಲಿನಿಂದ ಇಳಿದುಬಂದ ಇಲಾಖೆಯಾಗಿದ್ದರೆ ಮೇಲಧಿಕಾರಿಗೆ ವರದಿ ಒಪ್ಪಿಸಿದರೆ ಸಾಕಿತ್ತು. ಒಪ್ಪಂದದಿಂದ ಹುಟ್ಟಿದ್ದರಿಂದ ಒಪ್ಪಿದವರಿಗೆ ಉತ್ತರ ಹೇಳಬೇಕಾಯಿತು. ಎರಡು ಸಮಿತಿಗಳು ರೂಪುಗೊಂಡವು. ನೀತಿ ಸಮಿತಿ ದೂರದ ದಿಕ್ಕನ್ನು ನೋಡುತ್ತದೆ: ಮುಂದಿನ ಐದು ವರ್ಷದ ಅನುದಾನದ ಪ್ರಸ್ತಾವದಲ್ಲಿ ಏನಿರಬೇಕು, ಯಾವ ಸಂಸ್ಥೆಯೊಡನೆ ಕೈಜೋಡಿಸಬೇಕು, ಯಾವ ಕ್ಷೇತ್ರಕ್ಕೆ ಕಾಲಿಡಬಾರದು. ಮುಂದೆ ಇದಕ್ಕೆ ಕಾರ್ಯತಂತ್ರ ಸಲಹಾ ಸಮಿತಿ ಎಂಬ ಹೆಸರು ಬಂತು. ಬಳಕೆದಾರರ ಸಮಿತಿ ಹತ್ತಿರದ್ದನ್ನು ನೋಡುತ್ತದೆ: ಯಾವ ತಂತ್ರಾಂಶ ತರಗತಿಯಲ್ಲಿ ಕೈಕೊಡುತ್ತಿದೆ, ಯಾವ ದತ್ತಾಂಶ ತಡವಾಗಿ ಬರುತ್ತಿದೆ, ತರಬೇತಿ ಎಲ್ಲಿ ಸಾಲದು. ಸದಸ್ಯರು ಅಧ್ಯಾಪಕರು ಮತ್ತು ಸಂಶೋಧಕರು, ಈಚೆಗೆ ವಿದ್ಯಾರ್ಥಿಗಳೂ. ನಿಗದಿತ ಅವಧಿ ಮುಗಿದ ಮೇಲೆ ಬದಲಾಗುತ್ತಾರೆ. ಹವಾಮಾನ ಸೇವೆಯಂಥ ಸರ್ಕಾರಿ ಸಂಸ್ಥೆಗಳ ಪ್ರತಿನಿಧಿಗಳೂ ಸಭೆಯಲ್ಲಿ ಕೂರುತ್ತಾರೆ. ಕೆಲವು ವರ್ಷಗಳಿಗೊಮ್ಮೆ ನಡೆಯುವ ಬಳಕೆದಾರರ ಕಾರ್ಯಾಗಾರವನ್ನು ರೂಪಿಸುವುದೂ, ಪೆನ್ಸಿಲ್ವೇನಿಯದ ಮಿಲ್ಲರ್ಸ್‌ವಿಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರಸೆಲ್ ಡಿಸೋಜ ಅವರ ಹೆಸರಿನ ಸಮುದಾಯ ಸೇವಾ ಪ್ರಶಸ್ತಿಯನ್ನು ಕೊಡುವುದೂ ಬಳಕೆದಾರರ ಸಮಿತಿಯೇ. ಆ ಪ್ರಶಸ್ತಿ ಪ್ರಬಂಧ ಬರೆದದ್ದಕ್ಕೆ ಸಿಗುವುದಲ್ಲ, ಉಳಿದವರ ಕೆಲಸ ಸುಗಮವಾಗಲೆಂದು ದುಡಿದದ್ದಕ್ಕೆ ಸಿಗುವುದು. ವಿಶ್ವವಿದ್ಯಾಲಯದ ಬಡ್ತಿಯ ಲೆಕ್ಕದಲ್ಲಿ ಸೇರದ ದುಡಿಮೆಯೊಂದನ್ನು ಎತ್ತಿ ಹಿಡಿಯುವುದೂ ಉಸ್ತುವಾರಿಯ ಒಂದು ಅಂಗವೆಂದು ಸಮಿತಿ ತಿಳಿದದ್ದು ಇಲ್ಲಿ ಕಾಣುತ್ತದೆ.

ಸಮಿತಿಗಳ ಮುಂದೆ ಮೊದಲು ಬಂದ ದೊಡ್ಡ ಪ್ರಶ್ನೆ ಸಾಗಣೆಯದು. ಆರಂಭದ ವರ್ಷಗಳಲ್ಲಿ ಯುನಿಡೇಟಾ ಖಾಸಗಿ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ಉಪಗ್ರಹದ ಮೂಲಕ ಹವಾಮಾನ ಸೇವೆಯ ದತ್ತಾಂಶವನ್ನು ವಿಭಾಗಗಳ ಚಾವಣಿಯ ತಟ್ಟೆಗಳಿಗೆ ಇಳಿಸುತ್ತಿತ್ತು. ಒಬ್ಬೊಬ್ಬರೇ ಚೌಕಾಸಿ ಮಾಡುವ ಬದಲು ಎಲ್ಲರ ಪರವಾಗಿ ಒಂದೇ ದನಿ ಮಾತನಾಡಿದ್ದರಿಂದ ಸಣ್ಣ ಕಾಲೇಜಿಗೂ ಭರಿಸಬಹುದಾದ ಬೆಲೆ ಸಿಕ್ಕಿತು. ಆದರೆ ಒಂದು ಕೇಂದ್ರದಿಂದ ಎಲ್ಲರಿಗೂ ಒಂದೇ ಹರಿವು ಎಂಬ ಆ ವ್ಯವಸ್ಥೆಯಲ್ಲಿ ವಿಶ್ವವಿದ್ಯಾಲಯ ಬರಿಯ ಗ್ರಾಹಕ. 1990ರ ದಶಕದ ಮಧ್ಯಭಾಗದಲ್ಲಿ ಅಂತರಜಾಲಕ್ಕೆ ಹೊರಳಿದಾಗ ಬೇರೆಯ ವಿನ್ಯಾಸವನ್ನು ಆರಿಸಿಕೊಳ್ಳಲಾಯಿತು. ಎಲ್‌ಡಿಎಂ ಎಂಬ ತಂತ್ರಾಂಶ ಪ್ರತಿ ವಿಶ್ವವಿದ್ಯಾಲಯದ ಗಣಕದಲ್ಲೂ ಕೂತು, ಮೇಲಿನವರಿಂದ ದತ್ತಾಂಶ ಬಂದ ಕೂಡಲೇ ಪಡೆದು, ಸರತಿಯಲ್ಲಿಟ್ಟು, ಕೆಳಗಿನವರಿಗೆ ದಾಟಿಸುತ್ತದೆ. ಕೇಳಿದಾಗ ಕೊಡುವ ಬದಲು ಬಂದೊಡನೆ ತಳ್ಳುವುದು ಇದರ ಗುಣ. ಒಂದೇ ದತ್ತಾಂಶ ಎರಡು ದಾರಿಯಿಂದ ಬಂದರೆ ಅದರ ಗುರುತಂಕಿಯನ್ನು ನೋಡಿ ಎರಡನೆಯದನ್ನು ಬಿಟ್ಟುಬಿಡುತ್ತದೆ; ಹಾಗಾಗಿ ಒಬ್ಬನಿಗೆ ಇಬ್ಬರು ಮೇಲಿನವರಿದ್ದರೂ ತೊಂದರೆಯಿಲ್ಲ, ಒಂದು ದಾರಿ ಮುಚ್ಚಿದರೆ ಇನ್ನೊಂದು ತೆರೆದಿರುತ್ತದೆ. ನಮ್ಮ ಕೆರೆ ಬಯಲಿನ ನೀರುಗಂಟಿಗೆ ನೀರೂ ಸ್ವಂತದ್ದಲ್ಲ, ಗದ್ದೆಯೂ ಸ್ವಂತದ್ದಲ್ಲ. ತೂಬು ಎತ್ತುವ ಸರದಿಯನ್ನು ಊರು ಒಪ್ಪಿರುವುದೇ ಅವನ ಅಧಿಕಾರ. ಯುನಿಡೇಟಾದ ಅಧಿಕಾರವೂ ಅಂಥದ್ದೇ. ಜಾಲದ ಕೊಂಡಿಗಳು ವಿಶ್ವವಿದ್ಯಾಲಯಗಳ ಯಂತ್ರಗಳು, ಅವನ್ನು ಕಾಯುವವರು ಅಲ್ಲಿನ ಸಿಬ್ಬಂದಿ, ಯಾರಿಂದ ಯಾರಿಗೆ ಹರಿಯಬೇಕೆಂಬುದು ಪರಸ್ಪರ ಮಾತಿನಿಂದ ಆದ ಏರ್ಪಾಡು. ಬ್ರೆಜಿಲ್ಲಿನ ವಿಶ್ವವಿದ್ಯಾಲಯಗಳು ಇದೇ ತಂತ್ರಾಂಶದಿಂದ ತಮ್ಮದೇ ಕವಲನ್ನು ಕಟ್ಟಿಕೊಂಡದ್ದು ಈ ವಿನ್ಯಾಸದಿಂದಾಗಿ.

ಬಳಕೆದಾರರೇ ನಡೆಸುವ ಏರ್ಪಾಡು ಹವ್ಯಾಸಿಗಳ ಮಟ್ಟದಲ್ಲೇ ನಿಲ್ಲುತ್ತದೆ, ಗಂಭೀರ ಹೊಣೆಗೆ ಸಲ್ಲದು ಎಂಬ ಅನುಮಾನ ಸಹಜ. ಅದಕ್ಕೆ ಅತ್ಯುತ್ತಮ ಉತ್ತರ ರೇಡಾರ್ ದತ್ತಾಂಶದ ಕಥೆ. ಅಮೆರಿಕದ ಸುಮಾರು 160 ಡಾಪ್ಲರ್ ರೇಡಾರುಗಳ ಪೂರ್ಣ ವಿವರದ ದತ್ತಾಂಶ 1990ರ ದಶಕದಲ್ಲಿ ಕ್ಯಾಸೆಟ್ಟಿನಂಥ ಟೇಪುಗಳಿಗೆ ತುಂಬಿ ದಾಸ್ತಾನು ಸೇರುತ್ತಿತ್ತು. ಚಂಡಮಾರುತವೊಂದನ್ನು ಅಧ್ಯಯನ ಮಾಡಬೇಕಾದವರು ಟೇಪು ತರಿಸಿಕೊಳ್ಳುವ ಹೊತ್ತಿಗೆ ಅದು ಹಳೆಯ ಸುದ್ದಿ. ಜೀವಂತ ಮುನ್ಸೂಚನೆಯ ಮಾದರಿಗೆ ಆ ದತ್ತಾಂಶ ಸಿಗುವ ಮಾತೇ ಇರಲಿಲ್ಲ. 1998ರಲ್ಲಿ ಒಕ್ಲಹೋಮ ವಿಶ್ವವಿದ್ಯಾಲಯದ ಕೆಲ್ವಿನ್ ಡ್ರೋಗೆಮೈಯರ್ ಮತ್ತು ಸಂಗಡಿಗರು ಆರು ರೇಡಾರುಗಳಿಂದ ಆರಂಭಿಸಿ, ಎಲ್‌ಡಿಎಂ ಬಳಸಿ ಅಂತರಜಾಲದಲ್ಲೇ ದತ್ತಾಂಶವನ್ನು ತರಿಸುವ ಕ್ರಾಫ್ಟ್ ಯೋಜನೆಯನ್ನು ಕೈಗೊಂಡರು. ಯುನಿಡೇಟಾ ಅದರ ಪಾಲುದಾರ. ತೆಳುವಾದ ಸಂಪರ್ಕದಲ್ಲೂ ದತ್ತಾಂಶವನ್ನು ಕುಗ್ಗಿಸಿ ಕಳಿಸಿದರೆ ಸೋರದೆ ಮುಟ್ಟುತ್ತದೆಂದು ತೋರಿಸಿದ ಮೇಲೆ ರೇಡಾರುಗಳ ಸಂಖ್ಯೆ ಏರುತ್ತ ಹೋಯಿತು. 2004ರಲ್ಲಿ ರಾಷ್ಟ್ರೀಯ ಹವಾಮಾನ ಸೇವೆಯೇ ಈ ವಿಧಾನವನ್ನು ತನ್ನ ದಿನನಿತ್ಯದ ಕಾರ್ಯಾಚರಣೆಗೆ ತೆಗೆದುಕೊಂಡಿತು. ವಿಶ್ವವಿದ್ಯಾಲಯಗಳು ತಮ್ಮ ಕಲಿಕೆಗಾಗಿ ಸಾಕಿಕೊಂಡ ತಂತ್ರಾಂಶ ದೇಶದ ಮುನ್ಸೂಚನಾ ವ್ಯವಸ್ಥೆಯ ನರವಾಯಿತು. ಇಂದು ಅಮೆರಿಕದವರ ಫೋನಿನಲ್ಲಿ ಕಾಣುವ ರೇಡಾರ್ ಚಿತ್ರಗಳ ಹಿಂದೆ ಈ ದಾರಿಯಿದೆ.

ಯುನಿಡೇಟಾದ ಕೆಲಸಗಳಲ್ಲಿ ಅತಿ ದೂರ ಹೋದದ್ದು ನೆಟ್‌ಸಿಡಿಎಫ್ ಎಂಬ ಕಡತ ಸ್ವರೂಪ. ನಾಸಾದಲ್ಲಿ ಮೊದಲೇ ಇದ್ದ ಒಂದು ಕಲ್ಪನೆಯನ್ನು ಮುಂದುವರಿಸಿ ರಸ್ ರ್‍ಯೂ ಮತ್ತು ಗ್ಲೆನ್ ಡೇವಿಸ್ 1990ರ ಸುಮಾರಿಗೆ ಇದನ್ನು ರೂಪಿಸಿದರು. ಇದರ ಗುಣ ಕೇಳಲು ಸರಳ: ಕಡತದೊಳಗೆ ಅಂಕಿಗಳ ಜೊತೆಗೆ ಅವುಗಳ ವಿವರವೂ ಇರುತ್ತದೆ. ಈ ಸಂಖ್ಯೆ ಉಷ್ಣಾಂಶವೋ ಮಳೆಯೋ, ಮಾನ ಸೆಲ್ಸಿಯಸ್ಸೋ ಕೆಲ್ವಿನ್ನೋ, ಅಕ್ಷಾಂಶ ರೇಖಾಂಶ ಕಾಲಗಳಲ್ಲಿ ಅದರ ಜಾಗ ಯಾವುದು, ಅಳತೆ ಸಿಗದ ಕಡೆ ಯಾವ ಅಂಕಿ ತುಂಬಿದೆ ಎಂಬುದನ್ನೆಲ್ಲ ಕಡತವೇ ಹೇಳುತ್ತದೆ. ಯಾವ ಬಗೆಯ ಗಣಕದಲ್ಲಿ ಬರೆದರೂ ಇನ್ನೊಂದರಲ್ಲಿ ತೆರೆಯುತ್ತದೆ. ಇಪ್ಪತ್ತು ವರ್ಷದ ಹಿಂದಿನ ಕಡತವನ್ನು ಬರೆದವರು ನಿವೃತ್ತರಾಗಿದ್ದರೂ ಓದುವವರು ಅನಾಥರಾಗುವುದಿಲ್ಲ. 2003ರಲ್ಲಿ ಸಿಎಫ್ ಎಂಬ ಹೆಸರಿನ ಸಾಮಾನ್ಯ ಕಟ್ಟಳೆಗಳ ಮೊದಲ ಆವೃತ್ತಿ ಬಂದು, ಚರಾಂಶಗಳಿಗೆ ಎಲ್ಲರೂ ಒಂದೇ ಹೆಸರು ಬಳಸುವ ದಾರಿಯಾಯಿತು. 2008ರಲ್ಲಿ ಬಂದ ನಾಲ್ಕನೆಯ ಆವೃತ್ತಿ ಎಚ್‌ಡಿಎಫ್5 ಎಂಬ ಬೇರೊಂದು ಸ್ವರೂಪದ ತಳಪಾಯದ ಮೇಲೆ ನಿಂತಿತು. ಹಾಗಿದ್ದೂ ಹಳೆಯ ಕಡತಗಳನ್ನು ಓದುವ ಶಕ್ತಿಯನ್ನು ಬಿಡಲಿಲ್ಲ. ನನಗೆ ಇದು ಇಡೀ ಕಾರ್ಯಕ್ರಮದ ಅತಿ ಘನವಾದ ನಿರ್ಧಾರವೆಂದು ತೋರುತ್ತದೆ. ಹೊಸದನ್ನು ಕಟ್ಟುವವರಿಗೆ ಹಳೆಯದು ಹೊರೆ. ಅದನ್ನು ಕಳಚಿದರೆ ಕೆಲಸ ಬೇಗ ಸಾಗುತ್ತದೆ. ಆದರೆ ಹವಾಮಾನದ ದತ್ತಾಂಶಕ್ಕೆ ಹಳತಾದಷ್ಟೂ ಬೆಲೆ ಏರುತ್ತದೆ, 1990ರ ಅಳತೆಯನ್ನು 2040ರಲ್ಲಿ ಮತ್ತೆ ಅಳೆಯಲಾಗದು. ಆ ಹೊರೆಯನ್ನು ಹೊರಲೇಬೇಕೆಂದು ಹೇಳುವವರು ಹಳೆಯ ಕಡತಗಳ ಒಡೆಯರೇ, ಅಂದರೆ ಬಳಕೆದಾರರೇ.

ಭಾರತಕ್ಕೂ ಕರ್ನಾಟಕಕ್ಕೂ ಯುನಿಡೇಟಾದ ನಿಜವಾದ ನಂಟು ಇರುವುದು ಇಲ್ಲಿ. ಭಾರತೀಯ ಹವಾಮಾನ ಇಲಾಖೆಯ ಪುಣೆ ಕಚೇರಿ 1901ರಿಂದ ಈಚಿನ ದೈನಂದಿನ ಮಳೆಯನ್ನು ಕಾಲು ಡಿಗ್ರಿಯ ಚೌಕಗಳಲ್ಲಿ ಲೆಕ್ಕಹಾಕಿ ಕೊಡುವ ದತ್ತಾಂಶ ನೆಟ್‌ಸಿಡಿಎಫ್ ಕಡತಗಳಾಗಿಯೂ ಸಿಗುತ್ತದೆ. ಪ್ರಪಂಚದಾದ್ಯಂತ ಬಳಕೆಯಲ್ಲಿರುವ ಡಬ್ಲ್ಯುಆರ್‌ಎಫ್ ಮುನ್ಸೂಚನಾ ಮಾದರಿ ತನ್ನ ಫಲಿತಾಂಶವನ್ನು ಬರೆಯುವುದು ಇದೇ ಸ್ವರೂಪದಲ್ಲಿ. ವಿಶ್ವದ ಹವಾಗುಣ ಮಾದರಿಗಳ ಹೋಲಿಕೆಯ ದತ್ತಾಂಶ ಕೋಶವೂ ಅದರಲ್ಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮುಂಗಾರನ್ನು ಅಧ್ಯಯನ ಮಾಡುವ ವಿದ್ಯಾರ್ಥಿ ಮಲೆನಾಡಿನ ನೂರು ವರ್ಷದ ಮಳೆಯನ್ನು ತೆರೆದು ನೋಡಲು ಪರವಾನಗಿ ಶುಲ್ಕ ಕಟ್ಟಬೇಕಿಲ್ಲ, ಬೌಲ್ಡರಿನವರ ಅಪ್ಪಣೆ ಕೇಳಬೇಕಿಲ್ಲ. ಆದರೆ ಆ ವಿದ್ಯಾರ್ಥಿಯ ಪರವಾಗಿ ಮಾತನಾಡುವವರು ಸಮಿತಿಯಲ್ಲಿ ಇಲ್ಲ. ಅಮೆರಿಕದ ತೆರಿಗೆಹಣದಿಂದ ನಡೆಯುವ ಕಾರ್ಯಕ್ರಮದಲ್ಲಿ ಇದು ಅರ್ಥವಾಗುವಂಥದ್ದೇ. ಹಾಗಿದ್ದರೂ ಬಳಕೆದಾರರೇ ಉಸ್ತುವಾರಿ ಮಾಡಬೇಕೆಂಬ ತತ್ತ್ವ ತನ್ನ ಬಳಕೆದಾರರಲ್ಲಿ ದೊಡ್ಡ ಪಾಲನ್ನು ಹೊರಗಿಟ್ಟಿದೆ ಎಂಬುದನ್ನು ದಾಖಲಿಸಬೇಕು.

ಉಳಿಸುವುದಕ್ಕಿಂತ ಬಿಡುವುದು ಕಷ್ಟ. ಜೆಂಪ್ಯಾಕ್ ಎಂಬ ನಕ್ಷೆ ತಯಾರಿಸುವ ತಂತ್ರಾಂಶ 1980ರ ದಶಕದಲ್ಲಿ ನಾಸಾದ ಗೊಡ್ಡಾರ್ಡ್ ಕೇಂದ್ರದಲ್ಲಿ ಹುಟ್ಟಿ, ಮುಂದೆ ರಾಷ್ಟ್ರೀಯ ಮುನ್ಸೂಚನಾ ಕೇಂದ್ರಗಳಲ್ಲಿ ಬೆಳೆದು, ಯುನಿಡೇಟಾದ ಮೂಲಕ ನೂರಾರು ತರಗತಿಗಳನ್ನು ಮುಟ್ಟಿತ್ತು. ಒಂದು ತಲೆಮಾರಿನ ಪಾಠಟಿಪ್ಪಣಿಗಳೇ ಅದರ ಆಜ್ಞೆಗಳಲ್ಲಿ ಬರೆಯಲ್ಪಟ್ಟಿವೆ. ಹವಾಮಾನ ಸೇವೆ ಏವಿಪ್ಸ್ ಎಂಬ ಹೊಸ ವ್ಯವಸ್ಥೆಗೆ ಹೊರಳಿದಾಗ, ವಿದ್ಯಾರ್ಥಿಗಳು ಪೈಥಾನ್ ಭಾಷೆಯನ್ನು ಹಿಡಿದಾಗ ಜೆಂಪ್ಯಾಕನ್ನು ಎಷ್ಟು ಕಾಲ ಸಾಕಬೇಕೆಂಬ ಪ್ರಶ್ನೆ ಎದ್ದಿತು. ಯುನಿಡೇಟಾ ಏವಿಪ್ಸಿನ ಒಂದು ರೂಪವನ್ನು ವಿಶ್ವವಿದ್ಯಾಲಯಗಳಿಗೆ ಒದಗಿಸಿತು. ಇನ್ನೊಂದೆಡೆ ಪೈಥಾನಿನಲ್ಲಿ ಮೆಟ್‌ಪೈ ಎಂಬ ಹವಾಮಾನ ಗಣನೆಯ ಸಂಗ್ರಹವನ್ನು ಬೆಳೆಸಿತು. ಮೆಟ್‌ಪೈ 1.0 ಆವೃತ್ತಿ ಬಂದದ್ದು 2020ರ ಕೊನೆಯಲ್ಲಿ. ಅದರ ಕೈಪಿಡಿಯಲ್ಲಿ ಜೆಂಪ್ಯಾಕಿನ ಪ್ರತಿ ಆಜ್ಞೆಗೆ ಮೆಟ್‌ಪೈನಲ್ಲಿ ಏನು ಸಮಾನ, ಏನು ಇನ್ನೂ ಆಗಿಲ್ಲ, ಎಲ್ಲಿ ಫಲಿತಾಂಶ ಬೇರೆ ಬರುತ್ತದೆ ಎಂದು ತೋರಿಸುವ ಉದ್ದನೆಯ ಪಟ್ಟಿಯಿದೆ. ಒಣಗಿದಂತೆ ಕಾಣುವ ಆ ಪಟ್ಟಿ ಉಸ್ತುವಾರಿಯ ಬಗ್ಗೆ ಬಹಳ ಹೇಳುತ್ತದೆ. ಹೊಸದು ಬಂದಿದೆ, ಹಳೆಯದನ್ನು ಬಿಡಿ ಎನ್ನುವುದು ಇಲಾಖೆಯ ಸುತ್ತೋಲೆಯ ರೀತಿ. ನಿಮ್ಮ ಪಾಠದ ಮೂರನೆಯ ಪುಟದಲ್ಲಿರುವ ಆಜ್ಞೆಗೆ ಬದಲಿ ಇದು ಎಂದು ತೋರಿಸುವುದು, ಆ ಪಾಠ ಹೇಳಿದವರು ಸಮಿತಿಯಲ್ಲಿ ಕೂತಿದ್ದಾಗ ಆಗುವ ಕೆಲಸ.

ಇಷ್ಟಾದರೂ ಆಕ್ಷೇಪಗಳು ಉಳಿಯುತ್ತವೆ. ಬಳಸುವವರೇ ತೀರ್ಪುಗಾರರಾದರೆ ತಮಗೆ ಅನುಕೂಲವಾದದ್ದನ್ನೇ ಮುಂದುವರಿಸುತ್ತಾರೆ, ಪ್ರಭಾವಿ ವಿಭಾಗಗಳ ಮಾತು ಗೆಲ್ಲುತ್ತದೆ ಎಂಬುದು ಒಂದು. ಇದರಲ್ಲಿ ಸತ್ಯಾಂಶವಿದೆ. ಸಮಿತಿಗೆ ಹೆಸರು ಕೊಡುವಷ್ಟು ಬಿಡುವು ಇರುವವರು ಸಾಮಾನ್ಯವಾಗಿ ಸಿಬ್ಬಂದಿ ಹೆಚ್ಚಿರುವ ವಿಭಾಗದವರು. ಒಬ್ಬರೇ ಹವಾಮಾನದ ಎಲ್ಲ ಪಾಠ ಹೇಳುವ ಕಾಲೇಜಿನವರಿಗೆ ಅದು ದುಬಾರಿ. ಅವಧಿ ಮಿತಿ, ವಿದ್ಯಾರ್ಥಿ ಪ್ರತಿನಿಧಿ, ಕಾರ್ಯಾಗಾರಕ್ಕೆ ಬರುವವರಿಗೆ ಪ್ರಯಾಣದ ನೆರವು ಇವು ಆ ಓರೆಯನ್ನು ತಗ್ಗಿಸುತ್ತವೆಯೇ ಹೊರತು ನೀಗುವುದಿಲ್ಲ. ಆದರೆ ಬದಲಿ ದಾರಿ ಯಾವುದು? ಹೊರಗಿನ ಪರಿಣತರು ವರ್ಷಕ್ಕೊಮ್ಮೆ ಬಂದು ಡೌನ್‌ಲೋಡುಗಳ ಸಂಖ್ಯೆ, ಪ್ರಬಂಧಗಳ ಸಂಖ್ಯೆ ಎಣಿಸಿ ಅಂಕ ಕೊಡಬಹುದು. ಉಚಿತ ತಂತ್ರಾಂಶವನ್ನು ಒಮ್ಮೆ ಇಳಿಸಿಕೊಂಡವರು ಇನ್ನೂರು ಮಂದಿಗೆ ಹಂಚಿದರೆ ಆ ಎಣಿಕೆಗೆ ಸಿಗುವುದಿಲ್ಲ. ನೆಟ್‌ಸಿಡಿಎಫ್ ಬಳಸಿದ ಬಹುಪಾಲು ಪ್ರಬಂಧಗಳು ಅದರ ಹೆಸರನ್ನೂ ಎತ್ತುವುದಿಲ್ಲ. ಎಣಿಕೆಗೆ ಸಿಗುವುದನ್ನೇ ಗುರಿ ಮಾಡಿಕೊಂಡರೆ ಕಾರ್ಯಕ್ರಮ ಹೊಸ ಹೊಸ ಹೆಸರುಗಳನ್ನು ಬಿಡುಗಡೆ ಮಾಡುತ್ತ ಹಳೆಯದರ ದುರಸ್ತಿಯನ್ನು ಮರೆಯುತ್ತದೆ.

ಎರಡನೆಯ ಆಕ್ಷೇಪ ಈ ಕಾಲದ್ದು. 2015ರಲ್ಲಿ ಅಮೆರಿಕದ ಸಾಗರ ಮತ್ತು ವಾಯುಮಂಡಲ ಆಡಳಿತ ಸಂಸ್ಥೆ ದೊಡ್ಡ ಕಂಪನಿಗಳೊಡನೆ ಒಪ್ಪಂದ ಮಾಡಿಕೊಂಡ ಮೇಲೆ ರೇಡಾರಿನ ಇಡೀ ಭಂಡಾರ ಅಮೆಜಾನ್ ಕಂಪನಿಯ ಸರ್ವರುಗಳಲ್ಲಿ ಯಾರಿಗೂ ತೆರೆದಿದೆ. ಇನ್ನು ನಡುವಿನವರು ಯಾಕೆ ಎಂದು ಕೇಳುತ್ತಾರೆ. ಆ ಸರ್ವರುಗಳಿಗೆ ರೇಡಾರ್ ದತ್ತಾಂಶವನ್ನು ಆಗಿಂದಾಗ್ಗೆ ತುಂಬಿದ ತಂತ್ರಾಂಶ ಎಲ್‌ಡಿಎಂ, ತುಂಬಿದವರು ಯುನಿಡೇಟಾದವರು ಎಂಬುದು ಉತ್ತರದ ಮೊದಲ ಭಾಗ. ಎರಡನೆಯ ಭಾಗ ಹೊಣೆಯದು. ಕಂಪನಿ ಕೊಡುವುದು ತನಗೆ ಒಗ್ಗುವವರೆಗೆ ಕೊಡುತ್ತದೆ, ಅದು ಅದರ ಧರ್ಮ. ಅದರ ಸಭೆಯಲ್ಲಿ ಅಧ್ಯಾಪಕರಿಗೆ ಕುರ್ಚಿಯಿಲ್ಲ. ಮೇಲಾಗಿ ಎಲ್ಲ ದತ್ತಾಂಶವೂ ಮುಕ್ತವಲ್ಲ. ಅಮೆರಿಕದ ಮಿಂಚು ಪತ್ತೆ ಜಾಲ ಖಾಸಗಿ ಒಡೆತನದ್ದು. ಕಲಿಕೆ ಮತ್ತು ಸಂಶೋಧನೆಗೆ ಮಾತ್ರ, ಇನ್ನೊಬ್ಬರಿಗೆ ದಾಟಿಸಕೂಡದು ಎಂಬ ಕರಾರಿನ ಮೇಲೆ ಅದರ ದತ್ತಾಂಶ ಯುನಿಡೇಟಾದ ಮೂಲಕ ವಿಶ್ವವಿದ್ಯಾಲಯಗಳಿಗೆ ಹರಿದಿದೆ. ವಿಶ್ವ ಹವಾಮಾನ ಸಂಸ್ಥೆ 1995ರಲ್ಲಿ 40ನೆಯ ನಿರ್ಣಯದಿಂದಲೂ 2021ರಲ್ಲಿ ಏಕೀಕೃತ ದತ್ತಾಂಶ ನೀತಿಯಿಂದಲೂ ದೇಶಗಳ ನಡುವಿನ ಮುಕ್ತ ವಿನಿಮಯವನ್ನು ವಿಸ್ತರಿಸಿದೆ; ಆದರೂ ಕೆಲವು ದತ್ತಾಂಶಕ್ಕೆ ಷರತ್ತುಗಳಿವೆ. ಷರತ್ತಿನ ದತ್ತಾಂಶವನ್ನು ನಂಬಿ ಕೊಡಲು ಯಾರೋ ಒಬ್ಬರು ಎಲ್ಲರ ಪರವಾಗಿ ಮಾತು ಕೊಡಬೇಕು, ಮಾತು ತಪ್ಪಿದವರನ್ನು ಕೇಳುವ ಅಧಿಕಾರ ಅವರಿಗಿರಬೇಕು. ಆ ಅಧಿಕಾರ ಬರುವುದು ಕೊಟ್ಟ ಮಾತನ್ನು ಒಪ್ಪಿದವರಿಂದ.

ಮೂರನೆಯ ಆಕ್ಷೇಪಕ್ಕೆ ಪೂರ್ಣ ಉತ್ತರವಿಲ್ಲ. ಸಮಿತಿ ಎಷ್ಟೇ ಚೆನ್ನಾಗಿ ನಡೆದರೂ ಹಣದ ಮೇಲೆ ಅದಕ್ಕೆ ಹಿಡಿತವಿಲ್ಲದಿದ್ದರೆ ಅದರ ಉಸ್ತುವಾರಿಗೆ ಏನು ಅರ್ಥ? 2025ರ ಮೇ ತಿಂಗಳಲ್ಲಿ ಈ ಪ್ರಶ್ನೆ ಕಾಗದದಿಂದ ಹೊರಬಂತು. ಪ್ರತಿಷ್ಠಾನದಿಂದ ಮುಂದಿನ ಹಣ ಬರುವುದು ತಡವಾಗಿ ಯುನಿಡೇಟಾ ತನ್ನ ಬಹುಪಾಲು ಕೆಲಸವನ್ನು ನಿಲ್ಲಿಸಬೇಕಾಯಿತು, ಸಿಬ್ಬಂದಿಯಲ್ಲಿ ಹೆಚ್ಚಿನವರನ್ನು ಸಂಬಳವಿಲ್ಲದ ರಜೆಯ ಮೇಲೆ ಕಳಿಸಬೇಕಾಯಿತು. ಕೆಲಸದ ಗುಣದ ಬಗ್ಗೆ ಬಳಕೆದಾರರ ತಕರಾರಿನಿಂದ ಹೀಗಾದದ್ದಲ್ಲ. ಐದೈದು ವರ್ಷದ ಅನುದಾನದ ಮೇಲೆ ನಿಂತ ಸೇವೆ ಹತ್ತಾರು ವರ್ಷ ಬಾಳಬೇಕಾದ ಕಡತಗಳ ಹೊಣೆ ಹೊತ್ತಿರುವುದು ಮೊದಲಿನಿಂದಲೂ ಇದ್ದ ಬಿರುಕು.

ಆ ಬಿರುಕಿನ ನಡುವೆಯೂ ಯಾವುದು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂಬುದು ಹಿಂದಿನ ತೀರ್ಮಾನಗಳಿಂದಲೇ ನಿಶ್ಚಿತವಾಗಿದೆ. ನೆಟ್‌ಸಿಡಿಎಫ್ ಮತ್ತು ಮೆಟ್‌ಪೈಗಳ ಮೂಲ ಸಂಕೇತ ಎಲ್ಲರಿಗೂ ತೆರೆದಿರುವುದರಿಂದ ಕಡತಗಳು ಓದಲಾಗದೆ ಹೋಗುವ ಭಯವಿಲ್ಲ. ವಿಶ್ವವಿದ್ಯಾಲಯಗಳ ಗಣಕಗಳ ನಡುವಿನ ಹರಿವು ಬೌಲ್ಡರಿನ ಕಚೇರಿಯ ದೀಪ ಆರಿದ ಮಾತ್ರಕ್ಕೆ ಆರಬೇಕಾದದ್ದಲ್ಲ. ಬೌಲ್ಡರನ್ನೇ ಮೇಲಿನವರನ್ನಾಗಿ ಇಟ್ಟುಕೊಂಡವರು ಮಾತ್ರ ಬೇರೆ ದಾರಿ ಹುಡುಕಬೇಕು. ನಿಂತುಹೋಗುವುದು ಮನುಷ್ಯರು ಮಾಡುವ ಕೆಲಸ: ಪ್ರಶ್ನೆಗೆ ಉತ್ತರ, ಭದ್ರತೆಯ ದೋಷಕ್ಕೆ ತೇಪೆ, ಹೊಸ ಉಪಗ್ರಹ ಹಾರಿದಾಗ ಅದರ ದತ್ತಾಂಶಕ್ಕೆ ತಂತ್ರಾಂಶವನ್ನು ಹೊಂದಿಸುವುದು, ಹೊಸ ಅಧ್ಯಾಪಕರಿಗೆ ತರಬೇತಿ. ಉಸ್ತುವಾರಿ ಸಮಿತಿಗಳು ಇದುವರೆಗೆ ಮುಂದಿನ ಪ್ರಸ್ತಾವದಲ್ಲಿ ಏನಿರಬೇಕೆಂದು ಚರ್ಚಿಸಿವೆ. ಪ್ರಸ್ತಾವ ಒಪ್ಪಿಗೆಯಾಗದ ವರ್ಷದಲ್ಲಿ ಯಾವ ವಿಶ್ವವಿದ್ಯಾಲಯ ಯಾವ ಹರಿವನ್ನು ವಹಿಸಿಕೊಳ್ಳುತ್ತದೆ, ಯಾವ ತಂತ್ರಾಂಶದ ಬದಲಾವಣೆಗೆ ಯಾರ ಒಪ್ಪಿಗೆ ಸಾಕು, ಷರತ್ತಿನ ದತ್ತಾಂಶದ ಕರಾರು ಯಾರ ಹೆಸರಿಗೆ ವರ್ಗವಾಗುತ್ತದೆ ಎಂಬುದನ್ನೂ ಬರೆದಿಡುವ ಹಕ್ಕು ಮತ್ತು ಹೊಣೆ ಎರಡೂ ಅವುಗಳಿಗೆ ಸೇರಿದ್ದು. ಅದನ್ನು ಬರೆಯಲು ಪ್ರತಿಷ್ಠಾನದ ಅನುಮತಿ ಬೇಕಿಲ್ಲ, ಹೆಚ್ಚಿನ ಹಣವೂ ಬೇಕಿಲ್ಲ. ಒಂದೊಂದು ವಿಭಾಗ ತನ್ನ ಪಾಲಿನ ಯಂತ್ರ ಮತ್ತು ಜನರ ಹೆಸರನ್ನು ಮುಂದಿಡಬೇಕು.